ಬೋಟಿನ ಲೆಕ್ಕ ಡೇಟಾಬೇಸಿಗೆ: ಗ್ನೂಕ್ಯಾಶ್‌ನಿಂದ ಪೋಸ್ಟ್‌ಗ್ರೆಸ್‌ವರೆಗೆ, ಹಂತ ಹಂತವಾಗಿ

ಮೇ ತಿಂಗಳ ಕೊನೆಯ ವಾರ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಲ್ಪೆ ಧಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ನಿಲ್ಲಲಿಕ್ಕೆ ಶುರುವಾಗಿತ್ತು. ನಾನು ಲೆಕ್ಕ ಬರೆಯುವ ಎರಡು ಆಳಸಮುದ್ರ ಬೋಟುಗಳ ಧಣಿ ಬಂದು ಕೂತು ಕೇಳಿದ್ರು: "ಈ ಸೀಸನಿನಲ್ಲಿ ಯಾವ ಯಾವ ಟ್ರಿಪ್ಪಿಗೆ ಡೀಸೆಲ್ ದುಡ್ಡು ಕೂಡ ಹುಟ್ಟಲಿಲ್ಲ, ಒಂದು ಪಟ್ಟಿ ಕೊಡಿ ನೋಡುವ ಮಾರಾಯ್ರೆ."

ಲೆಕ್ಕವೆಲ್ಲ ಗ್ನೂಕ್ಯಾಶ್ ಅನ್ನುವ ಲೆಕ್ಕದ ತಂತ್ರಾಂಶದಲ್ಲಿ ಉಂಟು. ಲಾಭ ನಷ್ಟದ ವರದಿ ಉಂಟು, ಆಸ್ತಿ ಹೊಣೆಯ ಪಟ್ಟಿ ಉಂಟು, ಬ್ಯಾಂಕಿನ ತಾಳೆ ಉಂಟು. ಟ್ರಿಪ್ಪುವಾರು ಪಟ್ಟಿ ಮಾತ್ರ ಇಲ್ಲ. ತಂತ್ರಾಂಶ ಬರೆದವರಿಗೆ ಮಲ್ಪೆಯ ಬೋಟು ಎಂಟು ಹತ್ತು ದಿನಕ್ಕೊಮ್ಮೆ ಹೋಗಿ ಬರುತ್ತದೆ ಅಂತ ಗೊತ್ತಿರಲಿಕ್ಕಿಲ್ಲ. ಎರಡು ರಾತ್ರಿ ಎಕ್ಸೆಲ್‌ನಲ್ಲಿ ಕಾಪಿ ಪೇಸ್ಟ್ ಮಾಡಿ ಪಟ್ಟಿ ಕೊಟ್ಟೆ. ಮೂರನೆಯ ದಿನ ಅವರು ಕೇಳಿದ್ದು, "ಹಾಗಾದ್ರೆ ಹೋದ ವರ್ಷದ್ದು?"

ಆ ರಜೆಯ ಎರಡು ತಿಂಗಳಲ್ಲಿ ನಾನು ಇಡೀ ಲೆಕ್ಕವನ್ನು ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಹಾಕಿದೆ, ಅಂದರೆ ಮಾಹಿತಿಯನ್ನು ಟೇಬಲ್‌ಗಳಲ್ಲಿಟ್ಟು ಬೇಕಾದ ಪ್ರಶ್ನೆ ಕೇಳಲಿಕ್ಕೆ ಆಗುವ ತಂತ್ರಾಂಶಕ್ಕೆ. ಹೇಗೆ ಹಾಕಿದೆ, ಎಲ್ಲೆಲ್ಲಿ ಜಾರಿದೆ ಅನ್ನುವುದೆಲ್ಲ ಕೆಳಗಿದೆ. ಉದಾಹರಣೆ ಬೋಟಿನದ್ದು. ಗೇರುಬೀಜದ ಫ್ಯಾಕ್ಟರಿ, ಬಂದರಿನ ಸಗಟು ಅಂಗಡಿ, ಮಣಿಪಾಲದ ಹಾಸ್ಟೆಲ್ ಮೆಸ್, ಯಾವುದಕ್ಕಾದರೂ ಟ್ರಿಪ್ ಅನ್ನುವ ಜಾಗದಲ್ಲಿ ನಿಮ್ಮ ಶಬ್ದ ಹಾಕಿಕೊಳ್ಳಿ. ಆಜ್ಞೆಗಳನ್ನು, ಕಾಲಂ ಹೆಸರುಗಳನ್ನು ನಾನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕು.

ಯಾರಿಗೆ ಇದು ಬೇಡ

ತಿಂಗಳಿಗೆ ಐವತ್ತು ಎಂಟ್ರಿ ಇರುವ ಅಂಗಡಿಯಾದರೆ ಈ ರಗಳೆ ಬೇಡ. ಗ್ನೂಕ್ಯಾಶ್ ತಾನಾಗಿ ಬಳಸುವ ಎಕ್ಸ್‌ಎಂಎಲ್ ಫೈಲೇ ಸಾಕು.

ನಿಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ವಿಷಯವೇ ಬೇರೆ. ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ತಾನಾಗಿ ಉಳಿಯಬೇಕು, ಅದನ್ನು ಯಾರಿಗೂ ಬಂದ್ ಮಾಡಲಿಕ್ಕೆ ಆಗಬಾರದು ಅನ್ನುವ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಗ್ನೂಕ್ಯಾಶ್‌ನಲ್ಲಿ ಅಂಥ ದಾಖಲೆ ಇಲ್ಲ. ಡೇಟಾಬೇಸಿನಲ್ಲಿ ಟ್ರಿಗರ್, ಅಂದರೆ ಬದಲಾವಣೆ ಆದಾಗ ತಾನಾಗಿ ಓಡುವ ಆಜ್ಞೆ, ಹಾಕಿ ಏನಾದರೂ ಮಾಡಬಹುದು, ಆದರೆ ಆಡಿಟರ್ ಎದುರು ಅದನ್ನು ಸಮರ್ಥಿಸುತ್ತಾ ಕೂರುವ ಉಸಾಬರಿ ನನಗೆ ಬೇಡ. ಸ್ವಂತ ವ್ಯವಹಾರ, ಪಾಲುದಾರಿಕೆ, ಸಂಘ, ಭಜನಾ ಮಂದಿರದ ಲೆಕ್ಕ, ಇವಕ್ಕೆ ಈ ನಿಯಮದ ಹಂಗಿಲ್ಲ.

ಕಿರ್ದಿ, ಖತಾವಣಿ, ಖಾತೆ

ಡೇಟಾಬೇಸ್ ಅಂದ ಕೂಡಲೇ ಹೆದರುವ ಲೆಕ್ಕದವರನ್ನು ಬಹಳ ನೋಡಿದ್ದೇನೆ. ಹಳೆಯ ಕಾಲದ ಗುಮಾಸ್ತರು ಕೆಂಪು ಬಟ್ಟೆಯ ಪುಸ್ತಕದಲ್ಲಿ ಮಾಡುತ್ತಿದ್ದದ್ದು ಇದನ್ನೇ. ದಿನದ ವ್ಯವಹಾರ ಕಿರ್ದಿಯಲ್ಲಿ. ಹೆಸರಿಗೊಂದು ಹಾಳೆ ಖಾತೆ ಪುಸ್ತಕದಲ್ಲಿ. ಕಿರ್ದಿಯಿಂದ ಖಾತೆಗೆ ಎತ್ತಿ ಬರೆಯುವ ಒಂದೊಂದು ಸಾಲು ಖತಾವಣಿ. ಗ್ನೂಕ್ಯಾಶ್ ಡೇಟಾಬೇಸಿನಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಟೇಬಲ್‌ಗಳಿದ್ದರೂ ನಿಮಗೆ ದಿನನಿತ್ಯ ಬೇಕಾಗುವುದು ಮೂರೇ. ಟ್ರಾನ್ಸಾಕ್ಷನ್ಸ್ ಅಂದರೆ ಕಿರ್ದಿ, ಅಕೌಂಟ್ಸ್ ಅಂದರೆ ಖಾತೆ, ಸ್ಪ್ಲಿಟ್ಸ್ ಅಂದರೆ ಖತಾವಣಿ.

14ನೇ ಟ್ರಿಪ್ಪಿನ ಮೀನು ₹6,40,000ಕ್ಕೆ ಹೋಯಿತು ಅಂತ ಇಟ್ಟುಕೊಳ್ಳಿ. ಏಲಂನವರು ಕಮಿಷನ್ ₹19,200 ಹಿಡಿದು ಉಳಿದ ₹6,20,800 ಬ್ಯಾಂಕಿಗೆ ಹಾಕಿದರು. ಟ್ರಾನ್ಸಾಕ್ಷನ್ಸ್‌ನಲ್ಲಿ ಇದಕ್ಕೆ ಒಂದೇ ಸಾಲು: ತಾರೀಕು, ನಂಬರು, ವಿವರಣೆ. ಮೊತ್ತ ಅಲ್ಲಿ ಇಲ್ಲವೇ ಇಲ್ಲ, ಮೊದಲ ಸಲ ನೋಡುವವರಿಗೆ ಇದು ವಿಚಿತ್ರ ಅನಿಸುತ್ತದೆ. ಮೊತ್ತ ಇರುವುದು ಸ್ಪ್ಲಿಟ್ಸ್‌ನಲ್ಲಿ, ಮೂರು ಸಾಲಾಗಿ. ಬ್ಯಾಂಕ್ ಖಾತೆಗೆ 6,20,800, ಕಮಿಷನ್ ಖಾತೆಗೆ 19,200, ಮೀನು ಮಾರಾಟದ ಖಾತೆಗೆ ಮೈನಸ್ 6,40,000. ಡೆಬಿಟ್ ಪ್ಲಸ್, ಕ್ರೆಡಿಟ್ ಮೈನಸ್. ಮೂರನ್ನೂ ಕೂಡಿಸಿದರೆ ಸೊನ್ನೆ. ಜಮಾ ಖರ್ಚು ಸಮ ಆಗಬೇಕು ಅಂತ ಗುಮಾಸ್ತರು ಹೇಳುತ್ತಿದ್ದದ್ದು ಇಲ್ಲಿ ಬರೇ ಒಂದು ಕೂಡಿಸುವ ಲೆಕ್ಕ.

ಪ್ರತಿ ಸಾಲಿಗೂ 32 ಅಕ್ಷರದ ಒಂದು ಗುರುತು ಇರುತ್ತದೆ, ಅದರ ಹೆಸರು ಜಿಯುಐಡಿ. ಸ್ಪ್ಲಿಟ್‌ನ ಸಾಲಿನಲ್ಲಿ ತನ್ನದೂ ಇರುತ್ತದೆ, ತಾನು ಯಾವ ಕಿರ್ದಿಗೆ ಸೇರಿದ್ದು, ಯಾವ ಖಾತೆಗೆ ಸೇರಿದ್ದು ಅನ್ನುವ ಇನ್ನೆರಡೂ ಇರುತ್ತವೆ. ಈ ಎರಡು ಕೊಂಡಿ ಹಿಡಿದೇ ಎಲ್ಲ ಪ್ರಶ್ನೆ ಕೇಳುವುದು.

ಎಸ್‌ಕ್ಯುಲೈಟ್ ಸಾಕೋ, ಪೋಸ್ಟ್‌ಗ್ರೆಸ್ ಬೇಕೋ

2010ರ ಕೊನೆಗೆ ಬಂದ 2.4 ಆವೃತ್ತಿಯಿಂದ ಗ್ನೂಕ್ಯಾಶ್ ಮೂರು ಡೇಟಾಬೇಸುಗಳಲ್ಲಿ ಲೆಕ್ಕ ಇಡಬಲ್ಲದು: ಎಸ್‌ಕ್ಯುಲೈಟ್, ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್. ಎಸ್‌ಕ್ಯುಲೈಟ್ ಅಂದರೆ ಒಂದೇ ಫೈಲು. ಸರ್ವರ್ ಬೇಡ, ಪಾಸ್‌ವರ್ಡ್ ಬೇಡ, ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಬ್ಯಾಕಪ್ ಆಯಿತು. ಒಂದೇ ಕಂಪ್ಯೂಟರಿನಲ್ಲಿ ಒಬ್ಬರೇ ಬರೆಯುವುದಾದರೆ ಇದಕ್ಕಿಂತ ಒಳ್ಳೆಯದಿಲ್ಲ. ಆ ಫೈಲನ್ನು ನೆಟ್‌ವರ್ಕಿನ ಹಂಚಿಕೆಯ ಫೋಲ್ಡರಿನಲ್ಲಿಟ್ಟು ತೆರೆಯಬೇಡಿ, ಕ್ಲೌಡಿಗೆ ತಾನಾಗಿ ಸಿಂಕ್ ಆಗುವ ಫೋಲ್ಡರಿನಲ್ಲೂ ಇಡಬೇಡಿ. ತೆರೆದಿರುವಾಗಲೇ ಸಿಂಕ್ ಆದರೆ ಫೈಲು ಹಾಳಾಗುವ ಸಂಭವ ಉಂಟು.

ನಾನು ಪೋಸ್ಟ್‌ಗ್ರೆಸ್ ಹಿಡಿದದ್ದು ಎರಡು ಕಾರಣಕ್ಕೆ. ಲೆಕ್ಕ ಬರೆಯುವ ಕಂಪ್ಯೂಟರು ಮಲ್ಪೆಯಲ್ಲಿ, ಮಹಡಿ ಮೇಲಿನ ಕೋಣೆಯಿಂದ ಧಣಿಯ ಮಗಳು ಎಕ್ಸೆಲ್‌ನಲ್ಲಿ ನೋಡುತ್ತಾಳೆ. ಇದು ಒಂದು. ಮಳೆಗಾಲದಲ್ಲಿ ಕರೆಂಟು ಹೋಗುವುದು ಇನ್ನೊಂದು. ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನು ಮೊದಲು ಒಂದು ಲಾಗಿಗೆ ಬರೆದು ಆಮೇಲೆ ಟೇಬಲ್ಲಿಗೆ ಹಾಕುತ್ತದೆ. ಮಧ್ಯದಲ್ಲಿ ಕರೆಂಟು ಹೋದರೆ ಮತ್ತೆ ಎದ್ದಾಗ ಆ ಲಾಗು ನೋಡಿ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಎಸ್‌ಕ್ಯುಲೈಟ್‌ಗೂ ಇಂಥ ರಕ್ಷಣೆ ಇದೆ, ಆದರೆ ಬೇರೆ ಕಂಪ್ಯೂಟರಿನಿಂದ ಓದುವ ಅನುಕೂಲ ಇಲ್ಲ.

ಒಂದು ಭ್ರಮೆ ಮೊದಲೇ ಬಿಟ್ಟುಬಿಡಿ. ಡೇಟಾಬೇಸಿಗೆ ಹಾಕಿದ ಮಾತ್ರಕ್ಕೆ ಇಬ್ಬರು ಏಕಕಾಲಕ್ಕೆ ಗ್ನೂಕ್ಯಾಶ್‌ನಲ್ಲಿ ಬರೆಯಲಿಕ್ಕೆ ಆಗುವುದಿಲ್ಲ. ತೆರೆಯುವಾಗ ಅದು ಇಡೀ ಲೆಕ್ಕವನ್ನು ಮೆಮೊರಿಗೆ ಎಳೆದುಕೊಳ್ಳುತ್ತದೆ. ಇನ್ನೊಬ್ಬರು ಏನು ಬರೆದರು ಅಂತ ಅದಕ್ಕೆ ತಿಳಿಯುವುದಿಲ್ಲ. ಬರೆಯುವವರು ಒಬ್ಬರು, ಓದುವವರು ಎಷ್ಟು ಜನವೂ ಆಗಬಹುದು.

ಹಂತ 1: ಇರುವ ಲೆಕ್ಕ ಶುದ್ಧ ಮಾಡಿ

ಹಳೆಯ ಎಕ್ಸ್‌ಎಂಎಲ್ ಫೈಲಿನ ಎರಡು ಪ್ರತಿ ತೆಗೆದು ಬೇರೆ ಬೇರೆ ಕಡೆ ಇಡಿ. ಗ್ನೂಕ್ಯಾಶ್ ತೆರೆದು ಆಕ್ಷನ್ಸ್ ಮೆನುವಿನಲ್ಲಿ ಚೆಕ್ ಆಂಡ್ ರಿಪೇರ್ ಅಂತ ಉಂಟು, ಎಲ್ಲ ಖಾತೆಗೂ ಅದನ್ನು ಓಡಿಸಿ. ತಾಳೆ ಆಗದ, ಖಾತೆ ಇಲ್ಲದ ಮೊತ್ತಗಳು ಹೋಗಿ ಸೇರುವ ಇಂಬ್ಯಾಲೆನ್ಸ್, ಆರ್ಫನ್ ಹೆಸರಿನ ಖಾತೆಗಳಲ್ಲಿ ಏನಾದರೂ ಕೂತಿದ್ದರೆ ಈಗಲೇ ಅದರ ಜಾಗಕ್ಕೆ ಕಳಿಸಿ. ಕೊನೆಗೆ ತಾಳೆ ಪಟ್ಟಿಯ (ಟ್ರಯಲ್ ಬ್ಯಾಲೆನ್ಸ್) ವರದಿ ತೆಗೆದು, ಕಾಗದದಲ್ಲಿ ಪ್ರಿಂಟ್ ಮಾಡಿಟ್ಟುಕೊಳ್ಳಿ. ಇದು ಹಂತ 4ಕ್ಕೆ ಬೇಕು.

ಹಂತ 2: ಪೋಸ್ಟ್‌ಗ್ರೆಸ್ ಹಾಕುವುದು

ವಿಂಡೋಸ್‌ನಲ್ಲಿ ಇನ್‌ಸ್ಟಾಲರ್ ಓಡಿಸಿದರೆ ಪಿಜಿಅಡ್ಮಿನ್, ಅಂದರೆ ಡೇಟಾಬೇಸನ್ನು ಕಿಟಕಿಯಲ್ಲಿ ನೋಡಿ ನಿಭಾಯಿಸುವ ತಂತ್ರಾಂಶ, ಕೂಡ ಜೊತೆಗೇ ಬರುತ್ತದೆ. ಪೋರ್ಟ್ 5432 ಅಂತ ಕೇಳುತ್ತದೆ, ಹಾಗೇ ಬಿಡಿ. ಆಗ ಕೊಡುವ ಪಾಸ್‌ವರ್ಡ್ ಎಲ್ಲ ಅಧಿಕಾರ ಇರುವ ಸೂಪರ್‌ಯೂಸರಿನದ್ದು. ಅದನ್ನು ಬರೆದು ಬೀರುವಿನಲ್ಲಿಡಿ, ಗ್ನೂಕ್ಯಾಶ್‌ಗೆ ಕೊಡಬೇಡಿ. ಉಬುಂಟು, ಡೆಬಿಯನ್‌ನವರು ಗ್ನೂಕ್ಯಾಶ್ ಜೊತೆಗೆ ಲಿಬ್‌ಡಿಬಿಡಿ ಪಿಜಿಎಸ್‌ಕ್ಯುಎಲ್ ಅನ್ನುವ ಪ್ಯಾಕೇಜ್ ಬೇರೆಯಾಗಿ ಹಾಕಬೇಕು. ಇಲ್ಲದಿದ್ದರೆ ಮುಂದಿನ ಹಂತದಲ್ಲಿ ಪೋಸ್ಟ್‌ಗ್ರೆಸ್ ಅನ್ನುವ ಆಯ್ಕೆಯೇ ಕಾಣುವುದಿಲ್ಲ, ನೀವು ತಲೆ ಕೆರೆದುಕೊಂಡು ಕೂರುತ್ತೀರಿ.

ಪಿಜಿಅಡ್ಮಿನ್‌ನಲ್ಲಿ ಇಬ್ಬರು ಬಳಕೆದಾರರನ್ನು ಮಾಡಿ. ಒಬ್ಬ 'ಲೆಕ್ಕ', ಇನ್ನೊಬ್ಬ 'ಓದು'. ಇಂಗ್ಲಿಷ್ ಸಣ್ಣಕ್ಷರದಲ್ಲೇ ಇರಲಿ, ದೊಡ್ಡಕ್ಷರ ಬೆರೆಸಿದರೆ ಆಮೇಲೆ ಪ್ರತಿ ಸಲ ಉದ್ಧರಣ ಚಿಹ್ನೆ ಹಾಕುವ ಕರ್ಮ. ಆಮೇಲೆ 'ಬೋಟು' ಅಂತ ಒಂದು ಖಾಲಿ ಡೇಟಾಬೇಸ್ ಮಾಡಿ, ಮಾಲೀಕ 'ಲೆಕ್ಕ', ಎನ್‌ಕೋಡಿಂಗ್ ಯುಟಿಎಫ್8. ಎನ್‌ಕೋಡಿಂಗ್ ತಪ್ಪಿದರೆ ಕನ್ನಡದ ಖಾತೆ ಹೆಸರುಗಳು ಕೈಕೊಡುತ್ತವೆ.

ಬೇರೆ ಕಂಪ್ಯೂಟರಿನಿಂದ ಓದಬೇಕಿದ್ದರೆ ಯಾರು ಎಲ್ಲಿಂದ ಒಳಬರಬಹುದು ಅಂತ ಬರೆದಿಡುವ ಪೋಸ್ಟ್‌ಗ್ರೆಸ್‌ನ ಎಚ್‌ಬಿಎ ಫೈಲಿನಲ್ಲಿ ಆ ಕಂಪ್ಯೂಟರಿನ ಒಳಜಾಲದ ವಿಳಾಸಕ್ಕೆ ಮಾತ್ರ, 'ಓದು' ಬಳಕೆದಾರನಿಗೆ ಮಾತ್ರ ಅನುಮತಿ ಕೊಡಿ. ರೂಟರಿನಲ್ಲಿ 5432 ಪೋರ್ಟನ್ನು ಹೊರಜಗತ್ತಿಗೆ ತೆರೆಯಬೇಡಿ, ಯಾರು ಹೇಳಿದರೂ ಬೇಡ.

ಹಂತ 3: ಲೆಕ್ಕವನ್ನು ಸಾಗಿಸುವುದು

ಇಡೀ ಕೆಲಸದಲ್ಲಿ ಅತಿ ಸುಲಭದ ಹಂತ ಇದು. ಗ್ನೂಕ್ಯಾಶ್‌ನಲ್ಲಿ ಫೈಲ್ ಮೆನು, ಸೇವ್ ಆಸ್. ಮೇಲೆ ಡೇಟಾ ಫಾರ್ಮ್ಯಾಟ್ ಅಂತ ಪೆಟ್ಟಿಗೆ ಉಂಟು, ಅದರಲ್ಲಿ ಪೋಸ್ಟ್‌ಗ್ರೆಸ್ ಆರಿಸಿ. ಹೋಸ್ಟ್ ಜಾಗದಲ್ಲಿ ಲೋಕಲ್‌ಹೋಸ್ಟ್, ಡೇಟಾಬೇಸ್ ಹೆಸರು, 'ಲೆಕ್ಕ' ಬಳಕೆದಾರ, ಪಾಸ್‌ವರ್ಡ್. ಟೇಬಲ್‌ಗಳನ್ನು ಗ್ನೂಕ್ಯಾಶೇ ಮಾಡಿಕೊಳ್ಳುತ್ತದೆ, ನೀವು ಒಂದು ಸಾಲೂ ಬರೆಯಬೇಕಿಲ್ಲ.

ಈ ಕ್ಷಣದಿಂದ ಎರಡು ಅಭ್ಯಾಸ ಬದಲಾಗುತ್ತವೆ. ಒಂದು, ಸೇವ್ ಒತ್ತುವ ಕೆಲಸ ಇಲ್ಲ. ಎಂಟ್ರಿ ಮುಗಿಸಿ ಎಂಟರ್ ಒತ್ತಿದ ಕೂಡಲೇ ಅದು ಡೇಟಾಬೇಸಿನಲ್ಲಿ. ಹಾಗಾಗಿ "ತಪ್ಪಾಯ್ತು, ಸೇವ್ ಮಾಡದೆ ಮುಚ್ಚಿಬಿಡುವ" ಅನ್ನುವ ಹಳೆಯ ಉಪಾಯವೂ ಇಲ್ಲ. ಎರಡು, ಎಕ್ಸ್‌ಎಂಎಲ್ ಇರುವಾಗ ಗ್ನೂಕ್ಯಾಶ್ ತಾರೀಕು ಹಾಕಿದ ಹಳೆಯ ಪ್ರತಿಗಳನ್ನು ಪಕ್ಕದಲ್ಲಿ ಇಡುತ್ತಿತ್ತು. ಡೇಟಾಬೇಸಿಗೆ ಹೋದ ಮೇಲೆ ಅದು ಇಲ್ಲ, ಬ್ಯಾಕಪ್ ನಿಮ್ಮ ತಲೆನೋವು.

ಕರೆಂಟು ಹೋಗಿ ಗ್ನೂಕ್ಯಾಶ್ ಅರ್ಧಕ್ಕೆ ಮುಚ್ಚಿದರೆ ಮುಂದಿನ ಸಲ "ಇದನ್ನು ಬೇರೆಯವರು ತೆರೆದಿದ್ದಾರೆ" ಅಂತ ಎಚ್ಚರಿಸುತ್ತದೆ. ಜಿಎನ್‌ಸಿ ಲಾಕ್ ಅನ್ನುವ ಟೇಬಲ್ಲಿನಲ್ಲಿ ಹಳೆಯ ಬೀಗ ಹಾಗೇ ಉಳಿದದ್ದು ಇದಕ್ಕೆ ಕಾರಣ. ನಿಜವಾಗಿ ಯಾರೂ ತೆರೆದಿಲ್ಲ ಅಂತ ಖಾತ್ರಿ ಮಾಡಿಕೊಂಡು ಆದರೂ ತೆರೆ ಅನ್ನುವುದನ್ನು ಒತ್ತಿ.

ಹಂತ 4: ತಾಳೆ ನೋಡುವುದು

ಪಿಜಿಅಡ್ಮಿನ್‌ನ ಕ್ವೆರಿ ಕಿಟಕಿಯಲ್ಲಿ ಮೊದಲ ಪ್ರಶ್ನೆ ಇದೇ ಆಗಲಿ. ಸ್ಪ್ಲಿಟ್ಸ್ ಟೇಬಲ್ಲನ್ನು ಟಿಎಕ್ಸ್ ಜಿಯುಐಡಿ (ಕಿರ್ದಿಯ ಗುರುತು) ಪ್ರಕಾರ ಗ್ರೂಪ್ ಬೈ ಆಜ್ಞೆಯಿಂದ ಗುಂಪು ಮಾಡಿ, ಮೊತ್ತ ಸೊನ್ನೆ ಆಗದ ಗುಂಪುಗಳನ್ನು ಮಾತ್ರ ಹ್ಯಾವಿಂಗ್ ಅನ್ನುವ ಷರತ್ತು ಹಾಕಿ ತೋರಿಸಲು ಹೇಳಿ. ಉತ್ತರ ಖಾಲಿ ಬರಬೇಕು. ಒಂದೇ ಒಂದು ಸಾಲು ಬಂದರೂ ಮುಂದೆ ಹೋಗಬೇಡಿ.

ಎರಡನೆಯದು, ಖಾತೆವಾರು ಮೊತ್ತ ತೆಗೆದು, ಪ್ರಿಂಟ್ ಮಾಡಿಟ್ಟ ತಾಳೆ ಪಟ್ಟಿಯ ಜೊತೆ ಸಾಲು ಸಾಲಾಗಿ ನೋಡುವುದು. ಇಲ್ಲಿಯೇ ನಾನು ಬಿದ್ದದ್ದು.

ಗ್ನೂಕ್ಯಾಶ್ ರೂಪಾಯಿಯನ್ನು ದಶಮಾಂಶದಲ್ಲಿ ಇಡುವುದಿಲ್ಲ, ಭಿನ್ನರಾಶಿಯಲ್ಲಿ ಇಡುತ್ತದೆ. ವ್ಯಾಲ್ಯೂ ನಮ್ ಅನ್ನುವ ಕಾಲಂನಲ್ಲಿ ಅಂಶ, ವ್ಯಾಲ್ಯೂ ಡಿನಾಮ್‌ನಲ್ಲಿ ಛೇದ. ₹3,18,742.60 ಅಂದರೆ 31874260, ಅದರ ಕೆಳಗೆ 100. ಪೈಸೆಯ ಲೆಕ್ಕ ತಪ್ಪದಿರಲಿ ಅಂತ ಮಾಡಿದ ಒಳ್ಳೆಯ ಏರ್ಪಾಡು. ನಾನು ಒಂದನ್ನು ಇನ್ನೊಂದರಿಂದ ಭಾಗಿಸಿ ಕೂಡಿಸಿದೆ. ಮೂರು ಡೀಸೆಲ್ ಬಿಲ್ಲು: 3,18,742.60, 2,71,305.85, 3,09,680.75. ಆಗಬೇಕಾದ ಮೊತ್ತ 8,99,729.20. ಬಂದದ್ದು 8,99,727. ಎರಡು ರೂಪಾಯಿ ಇಪ್ಪತ್ತು ಪೈಸೆ ಎಲ್ಲಿಗೆ ಹೋಯಿತು ಅಂತ ಒಂದು ಮಧ್ಯಾಹ್ನ ಹುಡುಕಿದೆ. ಬಿಲ್ಲು ನೋಡಿದೆ, ಬ್ಯಾಂಕ್ ನೋಡಿದೆ. ಎರಡೂ ಕಾಲಂ ಪೂರ್ಣಾಂಕದವು. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಪೋಸ್ಟ್‌ಗ್ರೆಸ್ ಪೈಸೆಯನ್ನು ಕತ್ತರಿಸಿ ಎಸೆಯುತ್ತದೆ, ಪ್ರತಿ ಸಾಲಿನಲ್ಲೂ. ಎಚ್ಚರಿಕೆ ಇಲ್ಲ, ದೋಷ ಸಂದೇಶ ಇಲ್ಲ.

ಮದ್ದು ಸಣ್ಣದು. ಭಾಗಿಸುವ ಮೊದಲು ಅಂಶವನ್ನು ನ್ಯೂಮರಿಕ್ ಮಾದರಿಗೆ ಬದಲಿಸಿ. 100 ಅಂತ ಕೈಯಾರೆ ಬರೆದು ಭಾಗಿಸಲಿಕ್ಕೆ ಹೋಗಬೇಡಿ, ಡಿನಾಮ್ ಕಾಲಂನಿಂದಲೇ ಭಾಗಿಸಿ. ಷೇರು, ಸರಕಿನ ಪ್ರಮಾಣ ಇರುವ ಖಾತೆಗಳಲ್ಲಿ ಛೇದ ಬೇರೆ ಇರಬಹುದು.

ತಾರೀಕಿನ ಗುಟ್ಟು

ಇದು ಹಂತ ಅಲ್ಲ, ಆದರೆ ಇದನ್ನು ತಿಳಿಯದೆ ಮುಂದೆ ಹೋದರೆ ಮಾರ್ಚ್ 31ರ ಎಂಟ್ರಿಗಳು ನಿಮ್ಮನ್ನು ಆಟ ಆಡಿಸುತ್ತವೆ. ಪೋಸ್ಟ್ ಡೇಟ್ ಕಾಲಂನಲ್ಲಿ ತಾರೀಕಿನ ಜೊತೆ ಸಮಯವೂ ಇರುತ್ತದೆ, ಅದು ಯುಟಿಸಿ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ಈಗಿನ ಆವೃತ್ತಿಗಳು ಬೆಳಿಗ್ಗೆ 10:59 ಅಂತ ಹಾಕುತ್ತವೆ, ನಮ್ಮ ಗಡಿಯಾರದಲ್ಲಿ ಸಂಜೆ 4:29, ತಾರೀಕು ಬದಲಾಗುವುದಿಲ್ಲ. 2.6ರ ಕಾಲದ ಡೇಟಾಬೇಸುಗಳಲ್ಲಿ ನಮ್ಮ ಮಧ್ಯರಾತ್ರಿಯನ್ನು ಯುಟಿಸಿಗೆ ತಿರುಗಿಸಿ ಇಡುತ್ತಿತ್ತು. ಏಪ್ರಿಲ್ 1ರ ಎಂಟ್ರಿ ಅಲ್ಲಿ ಮಾರ್ಚ್ 31, 18:30 ಅಂತ ಕೂತಿರುತ್ತದೆ. ಬರೇ ತಾರೀಕು ತೆಗೆದರೆ ಹೊಸ ವರ್ಷದ ಮೊದಲ ದಿನ ಹಳೆಯ ವರ್ಷಕ್ಕೆ ಹೋಗಿ ಸೇರುತ್ತದೆ.

ಎರಡಕ್ಕೂ ಒಂದೇ ಉಪಾಯ. ಪೋಸ್ಟ್ ಡೇಟ್‌ಗೆ 5 ಗಂಟೆ 30 ನಿಮಿಷ ಕೂಡಿಸಿ ಆಮೇಲೆ ತಾರೀಕು ತೆಗೆಯಿರಿ. 10:59 ಇದ್ದರೂ ಸರಿ, 18:30 ಇದ್ದರೂ ಸರಿ.

ಆ ತಾರೀಕಿನಿಂದ ಮೂರು ತಿಂಗಳು ಕಳೆದು ವರ್ಷ ತೆಗೆದರೆ ಆರ್ಥಿಕ ವರ್ಷ ಸಿಗುತ್ತದೆ. ಬೋಟಿನವರಿಗೆ ಅದು ಸಾಲದು. ಅವರ ವರ್ಷ ಆಗಸ್ಟ್‌ನಿಂದ ಮೇವರೆಗೆ. ಜೂನ್ ಜುಲೈಯಲ್ಲಿ ಬಲೆ, ಇಂಜಿನ್, ಬಣ್ಣದ ಖರ್ಚು ಮಾತ್ರ, ಅದು ಮುಂದಿನ ಸೀಸನಿನ ತಯಾರಿ ಅಂತ ನಾನು ಮುಂದಿನದ್ದಕ್ಕೇ ಸೇರಿಸುತ್ತೇನೆ. ಹಾಗಾಗಿ ಐದು ತಿಂಗಳು ಕಳೆಯುವುದು. 2024ರ ಜೂನ್ 1ರಿಂದ 2025ರ ಮೇ 31ರವರೆಗಿನದ್ದೆಲ್ಲ ಸೀಸನ್ 2024 ಅಂತ ಬರುತ್ತದೆ.

ಹಂತ 5: ಓದುವವರಿಗೆ ಬಾಗಿಲು

'ಓದು' ಬಳಕೆದಾರನಿಗೆ ಗ್ರಾಂಟ್ ಸೆಲೆಕ್ಟ್, ಅಂದರೆ ಓದಲಿಕ್ಕೆ ಮಾತ್ರ ಬಿಡುವ ಒಂದೇ ಅನುಮತಿ ಕೊಡಿ, ಎಲ್ಲ ಟೇಬಲ್‌ಗಳ ಮೇಲೆ. ಮುಂದೆ ಗ್ನೂಕ್ಯಾಶ್ ಮಾಡುವ ಹೊಸ ಟೇಬಲ್‌ಗಳಿಗೂ ಅದು ಅನ್ವಯಿಸುವಂತೆ ಡಿಫಾಲ್ಟ್ ಪ್ರಿವಿಲೇಜಸ್ ಕೂಡ 'ಲೆಕ್ಕ' ಬಳಕೆದಾರನಾಗಿ ನಿಂತು ಬದಲಿಸಿ.

ಗ್ನೂಕ್ಯಾಶ್ ಬಿಟ್ಟು ಬೇರೆ ದಾರಿಯಿಂದ ಬರೆಯುವ ಅನುಮತಿ ಯಾರಿಗೂ ಬೇಡ, ನಿಮಗೂ ಬೇಡ. ಟೇಬಲ್ಲಿಗೆ ನೇರ ಕೈ ಹಾಕಿ ಒಂದು ಮೊತ್ತ ತಿದ್ದುವುದು ಎರಡು ಸೆಕೆಂಡಿನ ಕೆಲಸ, ಆಸೆಯೂ ಆಗುತ್ತದೆ. ಗ್ನೂಕ್ಯಾಶ್‌ನ ಒಳ ನಿಯಮಗಳು ಟೇಬಲ್ಲಿನಲ್ಲಿ ಇಲ್ಲ, ಅದರ ಪ್ರೋಗ್ರಾಮಿನಲ್ಲಿ ಇವೆ. ಅಂಗಡಿಯ ಹಿಂಬಾಗಿಲಿನಿಂದ ಬಂದು ಗಲ್ಲಾಪೆಟ್ಟಿಗೆಯಲ್ಲಿ ನೋಟು ಇಟ್ಟು ಹೋದ ಹಾಗೆ. ದುಡ್ಡು ಇದೆ, ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಿಲ್ಲ. ತಿದ್ದುವುದಿದ್ದರೆ ಗ್ನೂಕ್ಯಾಶ್ ತೆರೆದು ತಿದ್ದಿ.

ಹಂತ 6: ಟ್ರಿಪ್ಪುವಾರು ಪಟ್ಟಿ

ಡೇಟಾಬೇಸ್ ಎಷ್ಟು ಚುರುಕಾಗಿದ್ದರೂ ನೀವು ಬರೆಯದಿದ್ದದ್ದನ್ನು ಅದು ಹೇಳಲಾರದು. ಪ್ರತಿ ಎಂಟ್ರಿಯಲ್ಲಿ ಟ್ರಿಪ್ಪಿನ ನಂಬರು ಇರಬೇಕು. ಅದಕ್ಕೆ ನಾನು ಗ್ನೂಕ್ಯಾಶ್‌ನ 'ನಮ್' ಕಾಲಂ, ಅಂದರೆ ನಂಬರು ಬರೆಯುವ ಕಾಲಂ, ಹಿಡಿದೆ, ಚೆಕ್ ನಂಬರನ್ನು ಮೆಮೊಗೆ ದೂಡಿದೆ. ಡೇಟಾಬೇಸಿನಲ್ಲಿ ಅದು ಟ್ರಾನ್ಸಾಕ್ಷನ್ಸ್ ಟೇಬಲ್ಲಿನ ನಮ್ ಆಗಿಯೇ ಬರುತ್ತದೆ. ಅದು ಅಕ್ಷರದ ಕಾಲಂ. ಹಾಗಾಗಿ 1, 10, 11, 2 ಅಂತ ಜೋಡಿಸುತ್ತದೆ. ಸೀಸನ್ ಮತ್ತು ಎರಡಂಕಿಯ ನಂಬರು ಸೇರಿಸಿ 24-07 ಅಂತ ಬರೆಯಿರಿ. ನನ್ನ ಮೊದಲ ವರ್ಷದ ಲೆಕ್ಕದಲ್ಲಿ 14, ಟ್ರಿಪ್ 14, ಟಿ14, ಹಿಂದೆ ಒಂದು ಖಾಲಿ ಜಾಗ ಇರುವ 14, ಎಲ್ಲವೂ ಇದ್ದವು. ಕಂಪ್ಯೂಟರಿಗೆ ಅವು ನಾಲ್ಕು ಟ್ರಿಪ್ಪು.

ಪ್ರಶ್ನೆಯ ಸ್ವರೂಪ ಹೀಗೆ. ಸ್ಪ್ಲಿಟ್ಸ್‌ನಿಂದ ಶುರು. ಟಿಎಕ್ಸ್ ಜಿಯುಐಡಿ ಹಿಡಿದು ಟ್ರಾನ್ಸಾಕ್ಷನ್ಸ್ ಜಾಯಿನ್ (ಎರಡು ಟೇಬಲ್ ಜೋಡಿಸುವುದು), ಅಕೌಂಟ್ ಜಿಯುಐಡಿ ಹಿಡಿದು ಅಕೌಂಟ್ಸ್ ಜಾಯಿನ್. ಅಕೌಂಟ್ ಟೈಪ್ ಇನ್‌ಕಮ್ ಅಥವಾ ಎಕ್ಸ್‌ಪೆನ್ಸ್ ಆಗಿರುವುದನ್ನು ಮಾತ್ರ ಇಟ್ಟುಕೊಳ್ಳಿ. ಬ್ಯಾಂಕು, ನಗದು ಸೇರಿಸಿದರೆ ಎಲ್ಲ ಸೊನ್ನೆಯಾಗಿಬಿಡುತ್ತದೆ, ಯಾಕೆ ಅಂತ ಮೇಲೆ ಹೇಳಿದೆ. ಸೀಸನ್ ಮತ್ತು ನಮ್ ಪ್ರಕಾರ ಗ್ರೂಪ್ ಬೈ. ಮೊತ್ತದ ಮುಂದೆ ಮೈನಸ್ ಹಾಕಿ, ಆದಾಯ ಕ್ರೆಡಿಟ್ ಆದ್ದರಿಂದ ಡೇಟಾಬೇಸಿನಲ್ಲಿ ಅದು ಋಣ ಸಂಖ್ಯೆ.

14ನೇ ಟ್ರಿಪ್ಪಿಗೆ ಇದನ್ನು ಕೈಯಲ್ಲಿ ಮಾಡಿ ನೋಡುವ. ಮಾರಾಟ ಮೈನಸ್ 6,40,000. ಕಮಿಷನ್ 19,200, ಡೀಸೆಲ್ 3,18,742.60, ಐಸ್ 46,500, ರೇಷನ್ ಸಾಮಾನು 38,260. ಖರ್ಚು ಒಟ್ಟು 4,22,702.60. ಕೂಡಿಸಿದರೆ ಮೈನಸ್ 2,17,297.40, ಚಿಹ್ನೆ ತಿರುಗಿಸಿದರೆ ₹2,17,297.40. ಬೋಟು ನಡೆಸುವ ತಂಡೇಲರು, ಅದರಲ್ಲಿ ದುಡಿಯುವ ಕಲಾಸಿಗಳ ಪಾಲು ಇದರ ನಂತರ.

ಪಟ್ಟಿಯಲ್ಲಿ ನಮ್ ಖಾಲಿ ಇರುವ ಒಂದು ಸಾಲೂ ಬರುತ್ತದೆ. ಇಂಜಿನ್ ರಿಪೇರಿ, ವಿಮೆ, ಬಲೆ, ಯಾವ ಟ್ರಿಪ್ಪಿಗೂ ಸೇರದ್ದು. ಅದನ್ನು ಎಲ್ಲ ಟ್ರಿಪ್ಪುಗಳಿಗೂ ಸಮಾನವಾಗಿ ಹಂಚಿ ಅಂತ ಕೆಲವರು ಹೇಳಿದ್ರು. ನಾನು ಹಂಚುವುದಿಲ್ಲ. ಹಂಚಿದರೆ ಪಟ್ಟಿ ಚಂದ ಕಾಣುತ್ತದೆ, ಆದರೆ ಡೀಸೆಲ್ ದುಡ್ಡು ಹುಟ್ಟಿತೋ ಇಲ್ಲವೋ ಅನ್ನುವ ಧಣಿಯ ಪ್ರಶ್ನೆಗೆ ಉತ್ತರ ಮಸುಕಾಗುತ್ತದೆ.

ಖಾತೆಗಳೊಳಗೆ ಖಾತೆ ಇದ್ದರೆ, ಡೀಸೆಲ್ ಕೆಳಗೆ ಬೋಟು 1, ಬೋಟು 2 ಅಂತ, ಪೇರೆಂಟ್ ಜಿಯುಐಡಿ (ಮೇಲಿನ ಖಾತೆಯ ಗುರುತು) ಹಿಡಿದು ಮಟ್ಟದಿಂದ ಮಟ್ಟಕ್ಕೆ ಹೋಗಬೇಕು. ಅದಕ್ಕೆ ವಿತ್ ರಿಕರ್ಸಿವ್ ಅನ್ನುವ ವಿಧಾನ ಉಂಟು. ಎಲ್ಲಕ್ಕಿಂತ ಮೇಲಿನದ್ದಾದ, ಬುಕ್ಸ್ ಟೇಬಲ್ಲಿನಲ್ಲಿರುವ ರೂಟ್ ಅಕೌಂಟಿನಿಂದಲೇ ಶುರುಮಾಡಿ ಕೆಳಗೆ ಇಳಿಯಿರಿ. ನಿಗದಿತ ಎಂಟ್ರಿಗಳ ಅಚ್ಚುಗಳಿಗೆ ಗ್ನೂಕ್ಯಾಶ್ ಇನ್ನೊಂದು ಟೆಂಪ್ಲೇಟ್ ರೂಟ್ ಇಟ್ಟಿರುತ್ತದೆ, ಅದು ನಿಜವಾದ ವ್ಯವಹಾರ ಅಲ್ಲ.

ಈ ಪ್ರಶ್ನೆಯನ್ನು ವ್ಯೂ ಮಾಡಿ, ಅಂದರೆ ಟೇಬಲ್ಲಿನ ಹಾಗೆ ಹೆಸರಿಟ್ಟು, ಉಳಿಸಿದರೆ ಎಕ್ಸೆಲ್‌ನಿಂದ ಒಡಿಬಿಸಿ (ಡೇಟಾಬೇಸಿಗೆ ಕೊಂಡಿ ಹಾಕುವ ಡ್ರೈವರು) ಮೂಲಕ ನೇರ ಎಳೆಯಬಹುದು. ಎಕ್ಸೆಲ್ 64 ಬಿಟ್ ಆದರೆ ಡ್ರೈವರೂ 64 ಬಿಟ್ಟೇ ಆಗಬೇಕು. ವ್ಯೂವಿನ ಪಠ್ಯವನ್ನು ಒಂದು ಫೈಲಿನಲ್ಲೂ ಇಟ್ಟಿರಿ. ಗ್ನೂಕ್ಯಾಶ್‌ನ ಹೊಸ ಆವೃತ್ತಿ ಟೇಬಲ್ಲನ್ನು ಬದಲಿಸಲು ಹಳೆಯದನ್ನು ತೆಗೆಯಹೊರಟರೆ, ಅದರ ಮೇಲೆ ನಿಂತ ವ್ಯೂ ಇದ್ದಾಗ ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ. ಅಪ್‌ಗ್ರೇಡ್‌ಗೆ ಮೊದಲು ವ್ಯೂ ಅಳಿಸಿ, ಆದ ಮೇಲೆ ಮತ್ತೆ ಹಾಕಿ.

ಕನ್ನಡದ ಹೆಸರುಗಳು

ಬಂಗುಡೆ, ಬೂತಾಯಿ, ಅಂಜಲ್ ಅಂತ ಕನ್ನಡದಲ್ಲೇ ಖಾತೆ ಮಾಡಬಹುದು. ಆದರೆ ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪಿಸಿದ ಪಟ್ಟಿಯನ್ನು ಹಾಗೇ ತಂದು ಅಂಟಿಸಬೇಡಿ, ಅದು ಒಳಗೆ ಇಂಗ್ಲಿಷ್ ಚಿಹ್ನೆಗಳ ರಾಶಿ. ಮೊದಲು ಯೂನಿಕೋಡಿಗೆ ಪರಿವರ್ತಿಸಿ. ಯೂನಿಕೋಡಿನಲ್ಲೂ ಒಂದು ತೊಡಕು ಉಂಟು. 'ಬೋಟು' ಶಬ್ದದ ಓಕಾರವನ್ನು ಒಂದೇ ಚಿಹ್ನೆಯಾಗಿ ಇಡಬಹುದು, ತುಂಡು ತುಂಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕುವಾಗ ಬೇರೆ. ಪೋಸ್ಟ್‌ಗ್ರೆಸ್ 13ರಿಂದ ನಾರ್ಮಲೈಸ್ ಅನ್ನುವ ಫಂಕ್ಷನ್ ಇದೆ, ಹೋಲಿಸುವ ಮೊದಲು ಎರಡೂ ಬದಿಗೆ ಅದನ್ನು ಹಾಕಿ.

ಬ್ಯಾಕಪ್

ಪಿಜಿ ಡಂಪ್ ಅನ್ನುವ ಸಾಧನ ಪೋಸ್ಟ್‌ಗ್ರೆಸ್ ಜೊತೆಗೇ ಬರುತ್ತದೆ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರಿನಲ್ಲಿ ದಿನಾ ರಾತ್ರಿ ಅದನ್ನು ಓಡಿಸಿ, ಫೈಲಿನ ಹೆಸರಿನಲ್ಲಿ ತಾರೀಕು ಇರಲಿ. ಒಂದು ಪ್ರತಿ ಬೇರೆ ಮನೆಯಲ್ಲಿರಲಿ. ಉಪ್ಪು ಗಾಳಿಗೆ ಮಲ್ಪೆಯ ಕಂಪ್ಯೂಟರುಗಳ ಆಯುಷ್ಯ ಎಷ್ಟು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ತಿಂಗಳಿಗೊಮ್ಮೆ 'ಪರೀಕ್ಷೆ' ಅಂತ ಒಂದು ಖಾಲಿ ಡೇಟಾಬೇಸ್ ಮಾಡಿ ಅದಕ್ಕೆ ರಿಸ್ಟೋರ್ ಮಾಡಿ, ಹಂತ 4ರ ಸೊನ್ನೆಯ ಪ್ರಶ್ನೆ ಕೇಳಿ. ಜಿಎಸ್‌ಟಿ ಇರುವವರು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕ ಇಟ್ಟುಕೊಳ್ಳಬೇಕು, ಅಷ್ಟು ಕಾಲ ಓದಲಿಕ್ಕೆ ಆಗುವ ಪ್ರತಿ ಬೇಕು.

ಅದಕ್ಕಾಗಿ ನಾನು ವರ್ಷಕ್ಕೊಮ್ಮೆ ಎಕ್ಸ್‌ಎಂಎಲ್ ಪ್ರತಿಯನ್ನೂ ತೆಗೆಯುತ್ತೇನೆ. ಇಲ್ಲೊಂದು ಗುಂಡಿ ಉಂಟು, ನಾನೇ ಬಿದ್ದಿದ್ದೇನೆ. ಸೇವ್ ಆಸ್ ಮಾಡಿ ಎಕ್ಸ್‌ಎಂಎಲ್ ಆರಿಸಿ ಪೆನ್‌ಡ್ರೈವಿಗೆ ಹಾಕಿದೆ, ಊಟಕ್ಕೆ ಹೋದೆ. ಸೇವ್ ಆಸ್ ಆದ ಮೇಲೆ ಗ್ನೂಕ್ಯಾಶ್ ಆ ಹೊಸ ಫೈಲಿನಲ್ಲೇ ಇರುತ್ತದೆ, ಡೇಟಾಬೇಸಿಗೆ ವಾಪಸ್ ಹೋಗುವುದಿಲ್ಲ. ಜೊತೆಗೆ ಕೆಲಸ ಮಾಡುವ ಹುಡುಗ ಎರಡು ದಿನದ ಎಂಟ್ರಿಗಳನ್ನೆಲ್ಲ ಪೆನ್‌ಡ್ರೈವಿಗೆ ಬರೆದ. ಮಹಡಿಯ ಮೇಲಿನಿಂದ "ಎಂತ ಅಂಕಲ್, ಎರಡು ದಿನದಿಂದ ಪಟ್ಟಿ ಹಂದುವುದೇ ಇಲ್ಲ" ಅಂತ ಕೇಳಿದಾಗಲೇ ಗೊತ್ತಾದದ್ದು. ಪ್ರತಿ ತೆಗೆದ ಕೂಡಲೇ ಫೈಲ್ ಮೆನುವಿನಿಂದ ಡೇಟಾಬೇಸನ್ನು ಮತ್ತೆ ತೆರೆಯಿರಿ. ಕಿಟಕಿಯ ಶೀರ್ಷಿಕೆಯಲ್ಲಿ ಹೆಸರು ನೋಡಿ.

ಟ್ಯಾಲಿ ಬಿಡಲಾರದವರಿಗೆ

ಮಂಗಳೂರಿನ ಹಂಪನಕಟ್ಟೆಯಲ್ಲಿ ನಿಂತು ಲೆಕ್ಕದ ಮಾತೆತ್ತಿದರೆ ಟ್ಯಾಲಿ ಅಂತಲೇ ಅರ್ಥ. ಟ್ಯಾಲಿಯ ಡೇಟಾ ಅದರದ್ದೇ ಸ್ವರೂಪದ ಫೈಲುಗಳಲ್ಲಿ ಇರುತ್ತದೆ, ಸೇವ್ ಆಸ್ ಮಾಡಿ ಪೋಸ್ಟ್‌ಗ್ರೆಸ್‌ಗೆ ಹಾಕುವ ದಾರಿ ಇಲ್ಲ. ಆದರೆ ಟ್ಯಾಲಿ ತೆರೆದಿರುವಾಗ ಸರ್ವರಿನ ಹಾಗೆ ಕೆಲಸ ಮಾಡುವಂತೆ ಸೆಟ್ಟಿಂಗಿನಲ್ಲಿ ಹೇಳಿದರೆ, 9000 ಪೋರ್ಟಿನಲ್ಲಿ ಎಕ್ಸ್‌ಎಂಎಲ್‌ನಲ್ಲಿ ಕೇಳಿದ್ದಕ್ಕೆ ಎಕ್ಸ್‌ಎಂಎಲ್‌ನಲ್ಲಿ ಉತ್ತರ ಕೊಡುತ್ತದೆ. ಒಡಿಬಿಸಿ ಮೂಲಕವೂ ಓದಬಹುದು. ದಿನಕ್ಕೊಮ್ಮೆ ವೋಚರುಗಳನ್ನು ಹೀಗೆ ಎಳೆದು, ಮೇಲೆ ಹೇಳಿದ ಮೂರೇ ಟೇಬಲ್‌ಗಳ ಮಾದರಿಯಲ್ಲಿ ನಿಮ್ಮ ಡೇಟಾಬೇಸಿಗೆ ಸುರಿಯುವುದು. ಹಳೆಯ ವೋಚರನ್ನು ಟ್ಯಾಲಿಯಲ್ಲಿ ತಿದ್ದಿದರೆ ನಿಮ್ಮ ಪ್ರತಿಗೆ ಅದು ತಿಳಿಯುವುದಿಲ್ಲ, ಹಾಗಾಗಿ ಬರೇ ಹೊಸದನ್ನು ಸೇರಿಸದೆ ಈ ಆರ್ಥಿಕ ವರ್ಷದ್ದನ್ನೆಲ್ಲ ಅಳಿಸಿ ಪೂರ್ತಿ ತುಂಬಿಸಿ. ಚಿಕ್ಕ ವ್ಯವಹಾರಕ್ಕೆ ಇದು ನಿಮಿಷಗಳ ಕೆಲಸ. ಟ್ಯಾಲಿಯಿಂದ ಗ್ನೂಕ್ಯಾಶ್‌ಗೇ ಬರುವುದಾದರೆ ಹಳೆಯ ವೋಚರುಗಳನ್ನೆಲ್ಲ ಹೊತ್ತು ತರಬೇಡಿ. ಏಪ್ರಿಲ್ 1ರ ಆರಂಭದ ಶಿಲ್ಕುಗಳಿಂದ ಹೊಸದಾಗಿ ಶುರುಮಾಡಿ.

ಆಗಸ್ಟ್‌ನಲ್ಲಿ ಬೋಟು ಇಳಿಯುವ ಮೊದಲು ಧಣಿಗೆ ಎರಡು ಸೀಸನಿನ ಟ್ರಿಪ್ಪುವಾರು ಪಟ್ಟಿ ಕೊಟ್ಟೆ. ಕನ್ನಡಕ ಏರಿಸಿ ಮೇಲಿನಿಂದ ಕೆಳಗೆ ನೋಡಿ, ನಷ್ಟದ ಒಂದು ಟ್ರಿಪ್ಪಿನ ಮೇಲೆ ಬೆರಳಿಟ್ಟರು. "ಇದು ಬಲೆ ಕಲ್ಲಿಗೆ ಸಿಕ್ಕಿ ಅರ್ಧದಲ್ಲೇ ವಾಪಸ್ ಬಂದದ್ದು. ನಿಮ್ಮ ಕಂಪ್ಯೂಟರಿಗೆ ಅದು ಗೊತ್ತುಂಟಾ?" ಇರಲಿಲ್ಲ. ಈಗ ಪ್ರತಿ ಟ್ರಿಪ್ಪಿನ ಮಾರಾಟದ ಸಾಲಿನ ಮೆಮೊದಲ್ಲಿ ತಂಡೇಲರು ಹೇಳಿದ್ದನ್ನು ಅವರದ್ದೇ ಮಾತಿನಲ್ಲಿ ಬರೆಯುತ್ತೇನೆ, ಪಟ್ಟಿಯ ಕೊನೆಯ ಕಾಲಂ ಅದು.